ಸೋಲಲೆಂದೇ ಕೂರಿಸಿದ ಭಾಗ

ಪ್ರೆಶರ್ ಕುಕ್ಕರಿನ ಮುಚ್ಚಳವನ್ನು ಮಗುಚಿ ಹಿಡಿದರೆ ನಡುವೆ ವಿಷಲ್ ಕೂರುವ ಕೊಳವೆಯ ತೂತು, ಅದರಿಂದ ತುಸು ಆಚೆಗೆ ಅಂಗಿಯ ಗುಂಡಿಯಷ್ಟಗಲದ ಸೇಫ್ಟಿ ವಾಲ್ವ್ ಕಾಣುತ್ತದೆ. ಸಾಮಾನ್ಯವಾಗಿ ಅದರ ನಡುವಿನ ಬೂದು ಚುಕ್ಕೆ ಬೇಗ ಕರಗುವ ಮಿಶ್ರಲೋಹದ್ದು. ನೀರು ಬತ್ತಿದರೆ, ಇಲ್ಲವೇ ತೊಗರಿಬೇಳೆಯ ನೊರೆ ಕೊಳವೆಯನ್ನು ಕಟ್ಟಿ ಹಬೆ ಒಳಗೇ ಸಿಕ್ಕಿಕೊಂಡರೆ, ಶಾಖ ಮಿತಿ ಮೀರಿ ಆ ಚುಕ್ಕೆ ಕರಗುತ್ತದೆ. ಹಬೆ ಭುಸ್ಸೆಂದು ಹೊರನುಗ್ಗಿ ಒತ್ತಡ ಇಳಿಯುತ್ತದೆ. ಬೇಳೆ ಚಾವಣಿಗೆ ಹಾರುತ್ತದೆ, ಕುಕ್ಕರ್ ಕೆಟ್ಟಿತು ಎಂದು ನಾವು ಗೊಣಗುತ್ತೇವೆ. ಕೆಟ್ಟದ್ದು ಕೆಡಲೆಂದೇ ಕೂರಿಸಿದ ಭಾಗ. ಅಡುಗೆಮನೆಯ ಸುರಕ್ಷತೆಯ ಬಗ್ಗೆ ಕೇಳಿಬರುವ ಉಪದೇಶವೆಲ್ಲ ಎಚ್ಚರದಿಂದಿರಿ ಎನ್ನುವುದರ ಸುತ್ತಲೇ ತಿರುಗುತ್ತದೆ. ಒಂದು ಒಲೆಯ ಮೇಲೆ ಹುಳಿ, ಇನ್ನೊಂದರ ಮೇಲೆ ಹಾಲು, ಬಾಗಿಲಲ್ಲಿ ಯಾರೋ ಬೆಲ್ ಒತ್ತುತ್ತಿರುವಾಗ ಎಷ್ಟೆಂದು ಎಚ್ಚರದಿಂದಿರುವುದು? ಗಮನ ತಪ್ಪಿಯೇ ತಪ್ಪುತ್ತದೆಂದು ಸಲಕರಣೆ ಮಾಡಿದವರಿಗೆ ಗೊತ್ತಿದೆ. ಅದಕ್ಕಾಗಿಯೇ ಎಲ್ಲಕ್ಕಿಂತ ಮೊದಲು ಸೋಲುವ ಒಂದು ದುರ್ಬಲ ಭಾಗವನ್ನು ಇಟ್ಟಿರುತ್ತಾರೆ. ಅದನ್ನು ನಾವೇ ಗಟ್ಟಿ ಮಾಡಿಬಿಟ್ಟಾಗ ಗಂಡಾಂತರ ಕಾದಿರುತ್ತದೆ.

ಇದು ಹೊಸ ಯೋಚನೆಯಲ್ಲ. 1679ರಲ್ಲಿ ಲಂಡನ್ನಿನಲ್ಲಿ ಡೆನಿಸ್ ಪಾಪಿನ್ ಕುಕ್ಕರಿನ ಮೂಲಪುರುಷನೆನ್ನಬಹುದಾದ ಹಬೆಪಾತ್ರೆಯನ್ನು ತೋರಿಸಿದ. ಅದು ಸಿಡಿಯಬಾರದೆಂದು ಹೂಡಿದ ಸೇಫ್ಟಿ ವಾಲ್ವಿನ ಕೀರ್ತಿಯೂ ಅವನದೇ. ಇಂದಿನ ಕುಕ್ಕರಿನ ವಿಷಲ್ ಏಳುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಷ್ಟು ಹೆಚ್ಚಿರುತ್ತದೆ, ನೀರು 120 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. 20 ಸೆಂ.ಮೀ. ವ್ಯಾಸದ ಮುಚ್ಚಳಕ್ಕೆ ಲೆಕ್ಕ ಹಾಕಿದರೆ ಅದನ್ನು ಮೇಲಕ್ಕೆ ತಳ್ಳುತ್ತಿರುವ ಬಲ 300 ಕಿಲೋಗೂ ಮಿಕ್ಕಿದ್ದು. ಮೂರು ಕೂಗು ಕೂಗಿಸುವ ಪ್ರತಿ ಮನೆಯಲ್ಲೂ ದಿನಾ ನಡೆಯುವ ಸಂಗತಿಯಿದು. ಇಷ್ಟನ್ನು ತಡೆದಿರುವ ಪಾತ್ರೆಯಲ್ಲಿ ಕರಗಿದ ವಾಲ್ವಿನ ಜಾಗಕ್ಕೆ ಅಳತೆ ಹೊಂದುವ ಯಾವುದೋ ಬಿರಡೆ ಬಿಗಿಯುವುದು, ಗ್ಯಾಸ್ಕೆಟ್ ಸಡಿಲವಾಯಿತೆಂದು ಮುಚ್ಚಳಕ್ಕೆ ಬಟ್ಟೆ ಸುತ್ತುವುದು, ಕೂಗದ ವಿಷಲಿನ ತಲೆಗೆ ಸೌಟಿನಿಂದ ಮೊಟಕುವುದು ಎಂಥ ಧೈರ್ಯ ಎಂದು ಯೋಚಿಸಬೇಕು. ಬದಲಿಗೆ ಮಾಡಬೇಕಾದ್ದು ಬಹಳ ಸುಲಭ: ಮುಚ್ಚಳ ಹಾಕುವ ಮೊದಲು ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆಬದಿ ಕಾಣುತ್ತದೆಯೇ ನೋಡುವುದು, ಬೇಳೆಯಿದ್ದರೆ ಪಾತ್ರೆಯ ಅರ್ಧ ದಾಟದಿರುವುದು, ಅದೇ ಕಂಪನಿಯ ವಾಲ್ವನ್ನೇ ತರುವುದು. ದೇಶದಲ್ಲಿ ಮಾರುವ ಮನೆಬಳಕೆಯ ಕುಕ್ಕರುಗಳಿಗೆ 2021ರಿಂದ ಐಎಸ್‌ಐ ಗುರುತು ಕಡ್ಡಾಯ. ಆ ಗುರುತಿಲ್ಲದವನ್ನು ಮಾರಲು ಬಿಟ್ಟದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ದಂಡವನ್ನೂ ಹಾಕಿತ್ತು.

ಕರೆಂಟಿನ ಕಡೆ ತಿರುಗಿದರೂ ಇದೇ ಕಥೆ. ಮಿಕ್ಸಿ ಬಿಸಿಯಾಗಿ ನಿಂತರೆ ಅಡಿಯಲ್ಲಿ ಹೊರಬರುವ ಕೆಂಪು ಗುಂಡಿ, ಫ್ಯೂಸಿನ ಸಪೂರ ತಂತಿ, ಎಂಸಿಬಿ ಎಲ್ಲವೂ ಆ ಬಳಗದವೇ. ಸುಟ್ಟ ಫ್ಯೂಸಿಗೆ ದಪ್ಪ ತಾಮ್ರದ ಎಳೆ ಸುತ್ತಿದರೆ ಮುಂದಿನ ಸಲ ಗೋಡೆಯೊಳಗಿನ ವೈರೇ ಫ್ಯೂಸಾಗುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತಿನ ಪಿನ್ನು ಉಳಿದೆರಡಕ್ಕಿಂತ ಉದ್ದ. ಒಳಗೆ ಹೋಗುವಾಗ ಅದೇ ಮೊದಲು ತಾಗಬೇಕು, ಹೊರಬರುವಾಗ ಕೊನೆಗೆ ಬಿಡಬೇಕು. ಗ್ರೈಂಡರನ್ನು ಎರಡು ತೂತಿನ ಸಾಕೆಟ್ಟಿಗೆ ಹೇಗೋ ಹೊಂದಿಸಿದಾಗ ಕೈಬಿಡುವುದು ಈ ಪಿನ್ನನ್ನೇ. ಇನ್ನು ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ಎಲ್ಲೆಡೆ ಇದೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಮನೆಗಳಿಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿದರೆ ಸಾಕು, ಕ್ಷಣಾರ್ಧದಲ್ಲಿ ಬೀಳುತ್ತದೆ. ಎಂಸಿಬಿಗೆ 16 ಆಂಪಿಯರ್ ಹರಿಯುವುದೆಂದರೆ ಮಾಮೂಲಿ ಕೆಲಸ, ಅಂದರೆ ಅದರ 500 ಪಟ್ಟಿಗೂ ಹೆಚ್ಚು.

ಗ್ಯಾಸಿನಲ್ಲಿ ಮಾತ್ರ ಈ ವಾದ ಅಷ್ಟು ಸಲೀಸಾಗಿ ಕೂರುವುದಿಲ್ಲ. ಪೈಪ್ ಸೋರಿದಾಗ ತಾನಾಗಿ ಕರಗಿ ನಮ್ಮನ್ನು ಉಳಿಸುವಂಥದ್ದು ಸಾಮಾನ್ಯ ಒಲೆಯಲ್ಲಿ ಯಾವುದೂ ಇಲ್ಲ. ಇರುವುದು ವಾಸನೆಯೊಂದೇ, ಅದೂ ಎಲ್‌ಪಿಜಿಯ ಸ್ವಂತದ್ದಲ್ಲ. ಈಥೈಲ್ ಮರ್ಕಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಬೇಕೆಂದೇ ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದ ಈ ಅನಿಲ ನೆಲದ ಮೇಲೆ ಹರಡಿ ಕಟ್ಟೆಯ ಕೆಳಗೆ, ಮೂಲೆಗಳಲ್ಲಿ ನಿಲ್ಲುತ್ತದೆ. ವಾಸನೆ ಬಂದೊಡನೆ ಎಕ್ಸಾಸ್ಟ್ ಫ್ಯಾನ್ ಹಾಕಲು ಕೈ ಹೋಗುವುದು ಸಹಜವೇ ಆದರೂ ಸ್ವಿಚ್ಚಿನ ಕಿಡಿ ಸಾಕು ಹೊತ್ತಿಕೊಳ್ಳಲು. ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡುವುದು ಸರಿ. ಕೇಸರಿ ಬಣ್ಣದ ಸುರಕ್ಷಾ ಪೈಪಿನ ಆಯುಸ್ಸು ಐದು ವರ್ಷ. ಎಷ್ಟೋ ಮನೆಗಳಲ್ಲಿ ಸಿಲಿಂಡರ್ ತಿಂಗಳಿಗೊಮ್ಮೆ ಬದಲಾಗುತ್ತದೆ, ಪೈಪ್ ಮಾತ್ರ ಮದುವೆಯಲ್ಲಿ ಬಂದದ್ದೇ!

ಅಜ್ಜಿಯ ಕಾಲದ ಕುಕ್ಕರ್ ಮೂವತ್ತು ವರ್ಷ ಬಾಳಲಿಲ್ಲವೇ, ಅವರೇನು ಇದನ್ನೆಲ್ಲ ನೋಡಿದ್ದರೇ ಎಂದು ಕೇಳುವವರುಂಟು. ಬಾಳಿದ್ದು ಅಲ್ಯೂಮಿನಿಯಮ್ಮಿನ ಪಾತ್ರೆ. ರಬ್ಬರಿಗೆ ಆ ಆಯುಸ್ಸಿಲ್ಲ, ಬಿಸಿಗೆ ಗಟ್ಟಿಯಾಗಿ ಬಿರಿಯುತ್ತದೆ. ಅಜ್ಜಿಯೂ ಗ್ಯಾಸ್ಕೆಟ್ ಎಷ್ಟೋ ಸಲ ಬದಲಿಸಿದ್ದವರೇ. ಅಲ್ಲದೆ ಏನೂ ಆಗದೆ ಉಳಿದ ಮನೆಗಳ ಕಥೆಯಷ್ಟೇ ಹೆಮ್ಮೆಯಿಂದ ನಮ್ಮವರೆಗೆ ಬರುತ್ತದೆ. ಇದಕ್ಕಿಂತ ತೂಕದ ಆಕ್ಷೇಪ ಆರ್‌ಸಿಸಿಬಿ ಬಗ್ಗೆ ಬರುತ್ತದೆ: ಮಳೆಗಾಲದಲ್ಲಿ ಸುಮ್ಮಸುಮ್ಮನೆ ಬೀಳುತ್ತದೆ, ಫ್ರಿಜ್ಜಿನ ಹಾಲು ಒಡೆಯುತ್ತದೆ. ಕಿರಿಕಿರಿ ನಿಜ. ಆದರೆ ಅದು ಬೀಳುವುದು ಬಹುಮಟ್ಟಿಗೆ ಗೀಸರಿನ ಕಾಯಿಲೋ ತೇವಗೊಂಡ ವೈರಿಂಗೋ ನಿಜಕ್ಕೂ ಸೋರುತ್ತಿರುವುದರಿಂದ. ಒಂದೊಂದೇ ಪ್ಲಗ್ ಕಿತ್ತು ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದೆ. ಅದನ್ನು ಬಿಟ್ಟು ಎಲೆಕ್ಟ್ರಿಷಿಯನ್ನನ್ನು ಕರೆದು ಆರ್‌ಸಿಸಿಬಿಯನ್ನೇ ತೆಗೆಸಿಬಿಡುವವರಿದ್ದಾರೆ, ತೆಗೆದುಕೊಡುವ ಎಲೆಕ್ಟ್ರಿಷಿಯನ್ನರೂ ಇದ್ದಾರೆ.

ಉಳಿದದ್ದು ಬಾಡಿಗೆದಾರರ ಪ್ರಶ್ನೆ. ಗ್ಯಾಸ್ಕೆಟ್ಟಾಗಲಿ ಪೈಪಾಗಲಿ ಅವರ ಕೈಯಲ್ಲಿದೆ. ಅರ್ತಿನ ಗುಂಡಿ ಮತ್ತು ಆರ್‌ಸಿಸಿಬಿ ಓನರ್ ಕೈಯಲ್ಲಿ. ಅಡ್ವಾನ್ಸ್ ಕೊಟ್ಟ ಮೇಲೆ ಕೇಳಿದರೆ ನೋಡೋಣ ಎಂಬ ಉತ್ತರವೇ ಗತಿ. ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ನೀರು ಪರೀಕ್ಷಿಸುವವರು ಮೀಟರ್ ಬೋರ್ಡಿನ ಬಳಿಯೂ ಒಂದು ನಿಮಿಷ ನಿಂತು, ಆರ್‌ಸಿಸಿಬಿ ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಕರೆಂಟ್ ಹೋಗುತ್ತದೆಯೇ ಎಂದು ನೋಡಬಹುದು. ಹೋಗದಿದ್ದರೆ ಹಾಕಿಸಿಕೊಡಿ ಎನ್ನಲು ಕರಾರುಪತ್ರಕ್ಕೆ ಸಹಿ ಬೀಳುವ ಮುಂಚಿನ ಹೊತ್ತಿಗಿಂತ ಒಳ್ಳೆಯ ಹೊತ್ತು ಸಿಗದು.