ಒಂದೇ ಗಿರಾಕಿಯ ಊರು: ಚ್ಯಾಟಮ್ ಡಾಕ್‌ಯಾರ್ಡ್

ಲಂಡನ್ನಿನ ಆಗ್ನೇಯಕ್ಕೆ, ಮೆಡ್ವೇ ನದಿಯ ದಡದಲ್ಲಿರುವ ಚ್ಯಾಟಮ್ ಪಟ್ಟಣವು ನಾಲ್ಕು ಶತಮಾನಗಳಿಗೂ ಮಿಕ್ಕಿ ಒಂದೇ ಗಿರಾಕಿಯನ್ನು ನಂಬಿ ಬದುಕಿತು. ಆ ಗಿರಾಕಿ ಬ್ರಿಟಿಷ್ ನೌಕಾದಳ. 1567ರಲ್ಲಿ ರಾಜಮನ್ನಣೆ ಪಡೆದ ಇಲ್ಲಿನ ಡಾಕ್‌ಯಾರ್ಡಿನಲ್ಲಿಯೇ, ಮುಂದೆ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನ ಹಡಗಾಗಿ ಖ್ಯಾತಿ ಪಡೆದ 'ವಿಕ್ಟರಿ' 1765ರಲ್ಲಿ ನೀರಿಗಿಳಿಯಿತು.

ವರ್ತಕರಿಗೆ ಕದನಗಳಿಗಿಂತ ಅಲ್ಲಿನ ದಾಸ್ತಾನಿನ ಕಥೆಯೇ ಹೆಚ್ಚು ಸ್ವಾರಸ್ಯಕರವಾದೀತು. ಬ್ರಿಟಿಷ್ ಡಾಕ್‌ಯಾರ್ಡುಗಳ ಬಡಗಿಗಳಿಗೆ ಕೆಲಸದಲ್ಲಿ ಉಳಿದ ಮರದ ಚೂರುಗಳನ್ನು ಮನೆಗೊಯ್ಯುವ ಹಕ್ಕಿತ್ತು. ಚೂರಿನ ಹೆಸರಿನಲ್ಲಿ ಒಳ್ಳೆಯ ಮರವೂ ಹೊರಬೀಳತೊಡಗಿದ್ದರಿಂದ 1801ರಲ್ಲಿ ಆ ಹಕ್ಕನ್ನು ರದ್ದುಪಡಿಸಿ ನಗದು ಭತ್ಯೆ ಕೊಡಲಾಯಿತು. ಹಗ್ಗದ ಕಳವಿಗೆ ಕಂಡುಕೊಂಡ ಉಪಾಯ ಇನ್ನೂ ಜಾಣತನದ್ದು. ನೌಕಾದಳದ ಹಗ್ಗವನ್ನು ಹೊಸೆಯುವಾಗಲೇ ಒಳಗೆ ಬೇರೆ ಬಣ್ಣದ ಒಂದು ಎಳೆಯನ್ನು ಸೇರಿಸುತ್ತಿದ್ದರು. ಹಗ್ಗವನ್ನು ಎಷ್ಟೇ ತುಂಡು ಮಾಡಿ ಮಾರಿದರೂ ಪ್ರತಿ ತುಂಡೂ ತನ್ನ ಒಡೆಯನನ್ನು ತಾನೇ ಹೇಳುತ್ತಿತ್ತು. ಇಂದಿನ ಬಾರ್‌ಕೋಡಿಗೂ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ.

ಹಡಗಿಗಾಗಿ ಕಾಯುವ ನಾವಿಕರು ಬಹುಕಾಲ ನದಿಯಲ್ಲಿ ಲಂಗರು ಹಾಕಿದ್ದ ಹಳೆಯ ಹಡಗುಗಳಲ್ಲಿಯೇ ವಾಸಿಸಬೇಕಾಗಿತ್ತು. ಅವರಿಗಾಗಿ ಕಟ್ಟಿದ ಬ್ಯಾರಕ್ 1903ರಲ್ಲಿ ತೆರೆಯಿತು. ಅಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಅವಕಾಶವಿತ್ತು. ಮೊದಲ ಮಹಾಯುದ್ಧದಲ್ಲಿ ಅದೂ ಸಾಲದೆ, ಕವಾಯತು ಸಭಾಂಗಣದಲ್ಲಿಯೂ ನಾವಿಕರು ಮಲಗುತ್ತಿದ್ದರು. 1917ರ ಸೆಪ್ಟೆಂಬರ್ 3ರ ರಾತ್ರಿ ಜರ್ಮನ್ ವಿಮಾನಗಳು ಅದರ ಮೇಲೆ ಬಾಂಬು ಹಾಕಿದಾಗ ಸುಮಾರು 130 ಮಂದಿ ಮಡಿದರು.

ಮಾರಾಟದ ಬಹುಪಾಲು ಒಬ್ಬನೇ ಗಿರಾಕಿಗೆ ಹೋಗುತ್ತಿದ್ದರೆ ಲೆಕ್ಕಪರಿಶೋಧಕನು ಪ್ರಶ್ನೆ ಕೇಳಲೇಬೇಕು. ಗಿರಾಕಿ ಸರ್ಕಾರವೇ ಆಗಿದ್ದಾಗ ಮಾತ್ರ ಆ ಪ್ರಶ್ನೆ ಅನವಶ್ಯಕವೆನಿಸುವುದು ಸಹಜ. 1981ರಲ್ಲಿ ಬ್ರಿಟಿಷ್ ರಕ್ಷಣಾ ಇಲಾಖೆಯು ತನ್ನ ವೆಚ್ಚವನ್ನು ಪರಾಮರ್ಶಿಸಿ, ಡಾಕ್‌ಯಾರ್ಡನ್ನು ಮುಚ್ಚುವುದಾಗಿ ಪ್ರಕಟಿಸಿತು. 1984ರ ಮಾರ್ಚ್ 31ರಂದು ಬಾಗಿಲು ಮುಚ್ಚಿತು. ಸಾವಿರಾರು ಕುಶಲಕರ್ಮಿಗಳು ಕೆಲಸ ಕಳೆದುಕೊಂಡರು. ಅವರ ಸಂಬಳದಿಂದ ನಡೆಯುತ್ತಿದ್ದ ಅಂಗಡಿಗಳ ನಷ್ಟವು ಯಾವ ಸರ್ಕಾರಿ ಲೆಕ್ಕಕ್ಕೂ ಸೇರುವಂಥದ್ದಲ್ಲ.

ಡಾಕ್‌ಯಾರ್ಡಿನ ಹಳೆಯ ಭಾಗ, ಸುಮಾರು 80 ಎಕರೆ, ಒಂದು ಟ್ರಸ್ಟಿನ ಸ್ವಾಧೀನಕ್ಕೆ ಬಂದು ವಸ್ತುಸಂಗ್ರಹಾಲಯವಾಯಿತು. ಬ್ಯಾರಕ್‌ಗಳಲ್ಲಿ ಈಗ ವಿಶ್ವವಿದ್ಯಾಲಯದ ತರಗತಿಗಳು ನಡೆಯುತ್ತಿವೆ. ಬಾಂಬು ಬಿದ್ದ ಸಭಾಂಗಣ ಗ್ರಂಥಾಲಯವಾಗಿದೆ. ಸಾವಿರದ ನೂರು ಅಡಿಗೂ ಉದ್ದವಾದ ಹಗ್ಗದ ಕಾರ್ಖಾನೆಯಲ್ಲಿ ಇಂದಿಗೂ ಹಳೆಯ ಯಂತ್ರಗಳ ಮೇಲೆ ಹಗ್ಗ ಹೊಸೆಯುತ್ತಾರೆ. ಅಲ್ಲಿನ ಸರಕು ಈಗ ಕೊಳ್ಳುವವರೆಲ್ಲರಿಗೂ ಮಾರಾಟಕ್ಕಿದೆ.