ಮಾತ್ರೆಯ ಹಾದಿಯನ್ನು ಅರಸುವ ವಿದ್ಯೆ

ಮನೋರೋಗಕ್ಕೆ ಮದ್ದುಂಟು, ಆ ಮದ್ದು ರೋಗಿಯ ಕೈಸೇರುವ ಹಾದಿಯನ್ನು ಅಧ್ಯಯನ ಮಾಡುವವರು ಮಾತ್ರ ವಿರಳ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೊದಲು ಸಕಲವಾರದ ಸುತ್ತಣ ಹಳ್ಳಿಗಳಲ್ಲಿ ಪರೀಕ್ಷಿಸಿ, ಅನಂತರ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರನ್ನೇ ತರಬೇತುಗೊಳಿಸಿ ತೋರಿಸಿಕೊಟ್ಟ ಮಾದರಿಯು, 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಆದಾಗ್ಯೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇನೆಯ ಬಗೆಯನ್ನನುಸರಿಸಿ, ಮನೋರೋಗಿಗಳಲ್ಲಿ ನೂರಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಲ್ಲದೆ ಉಳಿದಿರುವುದು ಕಂಡುಬಂದಿತು.

ಮದ್ದಿಗೂ ರೋಗಿಗೂ ನಡುವಣ ಈ ಕಂದರದ ಕಾರಣವನ್ನು ಅರಸಹೊರಟ ಪಿಎಚ್.ಡಿ. ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರವೊಂದೇ ಸಾಲದು. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ದಿನವಿಡೀ ಕುಳಿತು, "ಮಾತ್ರೆ ಮುಗಿದಿದೆ, ಮುಂದಿನ ವಾರ ಬನ್ನಿ" ಎಂಬ ಒಂದು ಮಾತಿಗೆ ಆ ದಿನದ ಕೂಲಿಯನ್ನೂ ಬಸ್ಸಿನ ಚಾರ್ಜನ್ನೂ ಕಳೆದುಕೊಂಡು, ಮಗನ ಕೈಹಿಡಿದು ಹಿಂದಿರುಗುವ ತಾಯಿಯ ಮುಖವನ್ನು ಕಂಡು, ಆ ಮಾತ್ರೆಯ ಬೇಡಿಕೆಪಟ್ಟಿಯು ಯಾವ ಮೇಜಿನ ಮೇಲೆ ತಡೆದು ನಿಂತಿತೆಂಬುದನ್ನು ಜಿಲ್ಲಾ ಕಚೇರಿಯವರೆಗೂ ಬೆನ್ನಟ್ಟುವ ತಾಳ್ಮೆಯು ಸಂಶೋಧಕನಿಗೆ ಕೈಗೂಡಬೇಕು. ನನ್ನ ದೃಷ್ಟಿಯಲ್ಲಿ ಈ ಶಿಕ್ಷಣದ ಜೀವಾಳವೇ ಇದು. ಪ್ರಶ್ನಾವಳಿಯನ್ನು ರಚಿಸುವುದು ಆಮೇಲಿನ ಕೆಲಸ.

ಮಾರ್ಗದರ್ಶಕರೇ, ನಿಮ್ಮ ವಿದ್ಯಾರ್ಥಿಗಳನ್ನು ಮೊದಲ ವರ್ಷದಲ್ಲಿಯೇ ಆ ಬೆಂಚಿಗೆ ಕಳುಹಿಸಿಕೊಡಿರಿ.