ಗಡಿಯ ಕನ್ನಡವನ್ನು ಪುಟಕ್ಕೆ ತರುವುದು: ಧರ್ಮಪುರಿ–ಸೇಲಂ ಸಾಮಗ್ರಿ, ನುಡಿ ಮತ್ತು ಪೇಜ್‌ಮೇಕರ್

ಸಾಹಿತ್ಯದ ವಿದ್ಯಾರ್ಥಿ ತಂತ್ರಾಂಶ ಅಳವಡಿಸೋದರ ಬಗ್ಗೆ ಮಾತಾಡ್ತಿರೋದು ಯಾಕೆ ಅನ್ನುವ ಪ್ರಶ್ನೆ ಕೆಲವರಿಗಾದರೂ ಬಂದಿರುತ್ತೆ. ಧರ್ಮಪುರಿ, ಸೇಲಂ ಕಡೆ ಸಂಗ್ರಹಿಸಿದ ಕನ್ನಡ ಪಠ್ಯ ಹಾಳಾಗೋದು ಹೆಚ್ಚಾಗಿ ಕ್ಷೇತ್ರಕಾರ್ಯದಲ್ಲಿ ಅಲ್ಲ, ಡಿಟಿಪಿ ಮೇಜಿನ ಮೇಲೆ. ಅದಕ್ಕೇ ಈ ವಿಷಯ ತಗೊಂಡೆ.

ಮೊದಲು ಸ್ಥಳದ ಬಗ್ಗೆ ಒಂದೆರಡು ಮಾತು. 1965ರ ತನಕ ಧರ್ಮಪುರಿ ಸೇಲಂ ಜಿಲ್ಲೆಯ ಭಾಗ. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯ್ತು. ಕನ್ನಡ ಮಾತಾಡುವವರು ಹೆಚ್ಚಿರುವ ಹೊಸೂರು, ದೆಂಕಣಿಕೋಟೆ, ತಳಿ ಈಗ ಅಲ್ಲಿವೆ. ಹಾಗಾಗಿ ಹಳೇ ದಾಖಲೆಯಲ್ಲಿ 'ಸೇಲಂ ಜಿಲ್ಲೆ' ಅಂತ ಕಂಡರೆ ಅದು ಹೊಸೂರೂ ಆಗಿರಬಹುದು. ಕಡತಕ್ಕೆ ಹೆಸರಿಡುವಾಗ ಊರು, ವರ್ಷ ಎರಡನ್ನೂ ಸೇರಿಸಿ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ಸಿಕ್ಕಿವೆ. ಸೇಲಂ ನಗರದಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರ ಕುಟುಂಬಗಳಿವೆ. ಇವರಲ್ಲಿ ಅನೇಕರಿಗೆ ಮಾತು ಕನ್ನಡ, ಓದುಬರಹ ತಮಿಳು.

ಈ ಮಾತು ತಮಿಳು ಲಿಪಿಯಲ್ಲಿ ಬರೆದಾಗ ಏನಾಗುತ್ತೆ ನೋಡಿ. ತಮಿಳಿನ ಒಂದೇ ಕಕಾರ ನಮ್ಮ ಕ, ಖ, ಗ, ಘ ನಾಲ್ಕಕ್ಕೂ ನಿಲ್ಲಬೇಕು. 'ಗಾಳಿ'ಯೂ 'ಕಾಳಿ'ಯೂ ಒಂದೇ ಥರ ಕಾಣ್ತವೆ. 'ಬೇಡ', 'ಪೇಟ' ಕೂಡ ಅಷ್ಟೇ. ಧ್ವನಿಮುದ್ರಣದಿಂದ ನೇರವಾಗಿ ಕನ್ನಡ ಲಿಪಿಗೆ ಇಳಿಸಿದರೆ ಮಾತ್ರ ಆ ವ್ಯತ್ಯಾಸ ಉಳಿಯುತ್ತೆ. ಆದರೆ ಅಚ್ಚು ಹಾಕಿಸುವ ಊರಿನ ಪ್ರೆಸ್‌ನಲ್ಲಿ ಇರೋದು ತಮಿಳಿಗೆ ಹೊಂದಿಸಿದ ಕಂಪ್ಯೂಟರ್. ಈಗ ತಂತ್ರಾಂಶಕ್ಕೆ ಬರೋಣ.

ಪೇಜ್‌ಮೇಕರ್‌ಗೆ ಕನ್ನಡ ಗೊತ್ತಿಲ್ಲ. 2001ರ ಏಳನೇ ಆವೃತ್ತಿಗೂ ಯೂನಿಕೋಡ್ ಗೊತ್ತಿಲ್ಲ. ಆದರೂ ಸಣ್ಣ ಪ್ರೆಸ್‌ಗಳು ಅದನ್ನ ಬಿಟ್ಟಿಲ್ಲ. ಅದರ ಪಕ್ಕ ಕೂತು ಕೆಲಸ ಮಾಡುವ ಜೊತೆ-ತಂತ್ರಾಂಶವೇ ನುಡಿ. ಕನ್ನಡ ಗಣಕ ಪರಿಷತ್ತು ರೂಪಿಸಿದ್ದು, ಉಚಿತ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಅದರದ್ದೂ ಇದೇ ಥರದ ಕೆಲಸ. ನುಡಿ ಕೆಳಪಟ್ಟಿಯಲ್ಲಿ ಸುಮ್ಮನೆ ಕೂತಿರುತ್ತೆ; ನೀವು ಒತ್ತಿದ ಕೀಲಿಯನ್ನ ಪೇಜ್‌ಮೇಕರ್‌ಗೆ ಮುಟ್ಟುವ ಮೊದಲೇ ಹಿಡಿದು, ಅದರ ಬದಲು ಬೇರೆ ಸಂಕೇತ ಕಳಿಸುತ್ತೆ. ಇದನ್ನ ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ತೊಂದರೆಗಳು ತಾವೇ ಬಿಡಿಸಿಕೊಳ್ತವೆ.

ಆ ಸಂಕೇತ ಯಾವುದು? ಹಳೇ ನುಡಿಯ ಆಸ್ಕಿ ಅಕ್ಷರಶೈಲಿಯಲ್ಲಿ 'ಕ' ಅನ್ನೋದು ಒಂದು ಅಕ್ಷರ ಅಲ್ಲ, ಎರಡು ತುಂಡು. ತಲೆಕಟ್ಟಿಲ್ಲದ ಮೈ ಇಂಗ್ಲಿಷಿನ ದೊಡ್ಡ 'ಪಿ' ಜಾಗದಲ್ಲಿ, ತಲೆಕಟ್ಟು ಮೇಲೆ ಗೀಟಿರುವ 'ಎ' ಜಾಗದಲ್ಲಿ. 'ನ'ದ ಮೈ ಇರೋದು ಪೌಂಡ್ ಚಿಹ್ನೆಯ ಜಾಗದಲ್ಲಿ! ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ 'ಕನ್ನಡ' ಪೌಂಡ್ ಚಿಹ್ನೆ ಬೆರೆತ ಅಕ್ಷರಗಳ ಸಾಲಾಗಿ ಕಾಣೋದು ಇದಕ್ಕೇ. ಕಡತದೊಳಗೆ ಕನ್ನಡ ಇಲ್ಲವೇ ಇಲ್ಲ, ಕನ್ನಡದ ಆಕಾರ ಮಾತ್ರ ಇದೆ. ಅದರಲ್ಲಿ ಪದ ಹುಡುಕೋಕಾಗಲ್ಲ, ಅಕಾರಾದಿ ಮಾಡೋಕಾಗಲ್ಲ, ನಿಘಂಟಿನ ಕೆಲಸಕ್ಕಂತೂ ಬರಲ್ಲ.

ಅಳವಡಿಸುವಾಗ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಇಲ್ಲದಿದ್ದರೆ ಅಕ್ಷರಶೈಲಿಗಳು ವಿಂಡೋಸಿನ ಫಾಂಟ್ಸ್ ಫೋಲ್ಡರಿಗೆ ಹೋಗದೆ ಉಳಿಯಬಹುದು. ಮೊದಲು ನುಡಿ ತೆರೆದು, ಆಮೇಲೆ ಪೇಜ್‌ಮೇಕರ್ ತೆರೆದು, ಪಠ್ಯಕ್ಕೆ ನುಡಿಯ ಅಕ್ಷರಶೈಲಿ ಆರಿಸಿ. ಸ್ಕ್ರಾಲ್ ಲಾಕ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇರಲ್ಲ. ವಿಂಡೋಸಿನ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದರೆ ಸಿಗುತ್ತೆ. ವಿನ್ಯಾಸ ಕೆ.ಪಿ. ರಾವ್ ಅವರದು. ಒತ್ತಕ್ಷರಕ್ಕೆ 'ಎಫ್' ಕೊಂಡಿ: ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ'. ಎರಡು ದಿನ ಸಾಕು, ಬೆರಳಿಗೆ ಹತ್ತುತ್ತೆ.

ಧರ್ಮಪುರಿ ಕಡೆಯ ಪ್ರೆಸ್‌ಗಳಿಗೇ ವಿಶೇಷವಾದ ಒಂದು ತೊಡಕು ಇದೆ. ಅಲ್ಲಿ ತಮಿಳಿಗಾಗಿ ಎನ್‌ಎಚ್‌ಎಂ ರೈಟರ್‌ನಂಥ ಇನ್ನೊಂದು ಜೊತೆ-ತಂತ್ರಾಂಶ ಮೊದಲೇ ಚಾಲೂ ಇರಬಹುದು. ಅದೂ ಕೀಲಿ ಹಿಡಿಯುತ್ತೆ, ನುಡಿಯೂ ಹಿಡಿಯುತ್ತೆ. ಒಬ್ಬರ ಬಾಯಿಂದ ಇನ್ನೊಬ್ಬರು ಮಾತು ಕಿತ್ತುಕೊಂಡ ಹಾಗೆ, ಪರದೆ ಮೇಲೆ ಎರಡೂ ಅಲ್ಲದ್ದು ಬರುತ್ತೆ. ಒಂದನ್ನ ಪೂರ್ತಿ ಮುಚ್ಚಿ. ಬರೀ ಇಂಗ್ಲಿಷಿಗೆ ಬದಲಾಯಿಸಿದರೆ ಸಾಲದು. ವರ್ಡ್‌ನಲ್ಲಿ ಆಸ್ಕಿ ಟೈಪ್ ಮಾಡುವವರು ಆಟೋಕರೆಕ್ಟ್ ಕೂಡ ತೆಗೀಬೇಕು. ವಾಕ್ಯದ ಮೊದಲ ಅಕ್ಷರವನ್ನ ಅದು ದೊಡ್ಡಕ್ಷರ ಮಾಡುತ್ತೆ, ಆಸ್ಕಿಯಲ್ಲಿ ಸಣ್ಣ 'ಪಿ', ದೊಡ್ಡ 'ಪಿ' ಬೇರೆ ಬೇರೆ ಕನ್ನಡ ತುಂಡುಗಳು.

ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ: ಹೊಸದಾಗಿ ಟೈಪ್ ಮಾಡೋದಾದರೆ ಆಸ್ಕಿ ಬೇಡ. ಮೂಲಪ್ರತಿ ಯೂನಿಕೋಡ್‌ನಲ್ಲೇ ಇರಲಿ. ನುಡಿಯ ಈಚಿನ ಆವೃತ್ತಿಗಳು ಅದನ್ನ ಮಾಡ್ತವೆ. ಏನೂ ಅಳವಡಿಸದೆ ವಿಂಡೋಸ್ 10ರಲ್ಲೇ ಭಾಷೆಯ ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡ ಸೇರಿಸಿಕೊಳ್ಳಬಹುದು. ಪುಟವಿನ್ಯಾಸಕ್ಕೆ ಇನ್‌ಡಿಸೈನ್ ಇದ್ದರೆ ಪ್ಯಾರಾಗ್ರಾಫ್ ಕಂಪೋಸರ್ ಜಾಗದಲ್ಲಿ 'ವರ್ಲ್ಡ್-ರೆಡಿ' ಅನ್ನೋದನ್ನ ಆರಿಸಿ. ಇಲ್ಲದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತೆ. ದುಡ್ಡಿಲ್ಲದವರಿಗೆ, ಅಂದ್ರೆ ನಮ್ಮಂಥವರಿಗೆ, ಸ್ಕ್ರೈಬಸ್ ಇದೆ, 1.6ನೇ ಆವೃತ್ತಿ ಕನ್ನಡವನ್ನ ಸರಿಯಾಗಿ ಜೋಡಿಸುತ್ತೆ. ಪ್ರೆಸ್‌ಗೆ ಅಕ್ಷರಶೈಲಿ ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ಆಗ ಅಲ್ಲಿನ ಕಂಪ್ಯೂಟರಿಗೆ ಕನ್ನಡ ಬರುತ್ತೋ ಇಲ್ವೋ ಅನ್ನುವ ಪ್ರಶ್ನೆಯೇ ಏಳಲ್ಲ.

ಶಾಸನಪಾಠ ಟೈಪ್ ಮಾಡುವವರಿಗೆ ಯೂನಿಕೋಡ್ ಬೇಕೇ ಬೇಕು. ಱ, ೞ ಎರಡಕ್ಕೂ ಅಲ್ಲಿ ಸ್ವಂತ ಜಾಗ ಇದೆ. ತಮಾಷೆ ಅಂದ್ರೆ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ 'ಫಾ' ಅಂತ ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರು ಬದಲಾಯಿಸೋ ಹಾಗಿಲ್ಲ ಅನ್ನೋದು ಅವರ ನಿಯಮ, ಆದ್ದರಿಂದ ಸರಿ ಹೆಸರನ್ನ ಪರ್ಯಾಯವಾಗಿ ಸೇರಿಸಿದ್ದಾರೆ. ಹೆಸರು ನೋಡಿ ಹುಡುಕಿದರೆ ಸಿಗದೇ ಇರಬಹುದು, ಆಕಾರ ನೋಡಿ ಹುಡುಕಿ.

ಕೊನೆಯದಾಗಿ ಪರಿವರ್ತನೆ, ಪ್ರಶ್ನೆಗಳ ಪೆಟ್ಟಿಗೆಯಲ್ಲೂ ಇದನ್ನೇ ಕೇಳಿದ್ದಾರೆ, 'ಹಳೇ ಆಸ್ಕಿ ಕಡತಗಳನ್ನ ಏನ್ ಮಾಡೋದು' ಅಂತ. ನುಡಿಯ ಪರಿವರ್ತಕ ಬಳಸಿ, ಆದರೆ ಮೂರು ಕಡೆ ಕಣ್ಣಿಟ್ಟಿರಿ. ಒಂದು, ಅರ್ಕಾವತ್ತು: 'ಧರ್ಮಪುರಿ'ಯಲ್ಲಿ ಅದು ಆಕಾರದ ಲೆಕ್ಕದಲ್ಲಿ 'ಮ' ಆದ ಮೇಲೆ ಬರುತ್ತೆ, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಇದನ್ನ ತಿರುಗಿಸಿ ಇಡಬೇಕಾಗುತ್ತೆ, ಎಲ್ಲೋ ಒಂದೆಡೆ ಬಿಟ್ಟರೆ ಊರ ಹೆಸರೇ ಕೆಡುತ್ತೆ. ಎರಡು, ಮಧ್ಯೆ ಬಂದ ಇಂಗ್ಲಿಷ್ ಪದ: ಸಾದಾ ಪಠ್ಯವಾಗಿ ಉಳಿಸಿದರೆ ಅಕ್ಷರಶೈಲಿಯ ಮಾಹಿತಿ ಹೋಗಿಬಿಡುತ್ತೆ, ಆಗ ಇಂಗ್ಲಿಷೂ ಕನ್ನಡವಾಗಿ ಚಿತ್ರಾನ್ನ ಆಗುತ್ತೆ. ಮೂರನೆಯದು ನಮ್ಮ ಸಾಮಗ್ರಿಗೆ ತೀರಾ ಮುಖ್ಯ. ಹಾಡು ಹೇಳುವವರು ನಡುವೆ ತಮಿಳಿಗೆ ಹೊರಳ್ತಾರೆ, ಬರೆದವರು ಆ ಸಾಲನ್ನ ತಮಿಳಿನ ಬೇರೊಂದು ಆಸ್ಕಿ ಅಕ್ಷರಶೈಲಿಯಲ್ಲಿ ಇಟ್ಟಿರ್ತಾರೆ. ಕನ್ನಡ ಪರಿವರ್ತಕಕ್ಕೆ ಅದೂ ಕನ್ನಡವೇ. ಕನ್ನಡ–ತಮಿಳು ಎಲ್ಲಿ ಬೆರೆಯುತ್ತೆ ಅನ್ನೋದನ್ನ ನೋಡೋಕೆ ನಾವು ಅಲ್ಲಿಗೆ ಹೋಗಿರ್ತೀವಿ, ಸರಿಯಾಗಿ ಆ ಜಾಗವೇ ಅಳಿಸಿಹೋಗುತ್ತೆ. ಆದ್ದರಿಂದ ಪರಿವರ್ತಿಸುವ ಮೊದಲು ಅಕ್ಷರಶೈಲಿಯ ಪ್ರಕಾರ ತಮಿಳು ಸಾಲುಗಳನ್ನ ಹುಡುಕಿ ಬೇರೆ ಕಡತಕ್ಕೆ ತೆಗೆದು, ಜಾಗಕ್ಕೆ ಒಂದು ಅಂಕಿ ಹಾಕಿ. ಎರಡನ್ನೂ ಬೇರೆ ಬೇರೆಯಾಗಿ ಪರಿವರ್ತಿಸಿ ಮತ್ತೆ ಸೇರಿಸಿ. ಮೂಲ ಕಡತ, ಅದರ ಅಕ್ಷರಶೈಲಿ, ಮುದ್ರಿತ ಪ್ರತಿ ಇದ್ದರೆ ಅದರ ಸ್ಕ್ಯಾನ್, ಈ ಮೂರನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಪರಿವರ್ತಿತ ಪಠ್ಯವನ್ನ ಸ್ಕ್ಯಾನ್ ಜೊತೆಗಿಟ್ಟು ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು.